ಓರೆಯಾಗಿ ಕೊಯ್ದ ಮೇಣದ ತುಂಡು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮೇಣದಕ್ಕ ಎಂದೇ ಕರೆಯುವುದು. ರೋಗಿಗಳ ಗೆಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ, ಯಂತ್ರದ ಅಲಗಿನಲ್ಲಿ ಈರುಳ್ಳಿ ಪೊರೆಗಿಂತ ತೆಳುವಾಗಿ ಕೊಯ್ಯುವುದು ಇಪ್ಪತ್ತೆಂಟು ವರ್ಷದಿಂದ ಅವಳ ಕೆಲಸ. ಮಾತು ಕಡಿಮೆ, ಹಟ ಜಾಸ್ತಿ. ನಾನು ಅಲ್ಲಿಯ ಗುಮಾಸ್ತೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ಆ ದಿನ ಸಂಜೆ ಐದಕ್ಕೆ ಹೊಸ ಸಂಶೋಧಕರ ಅನುದಾನಕ್ಕೆ ಅರ್ಜಿ ಹಾಕುವ ಗಡುವು ಮುಗಿಯುವುದಿತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮೇಲೆ ಕೆಲಸ ಮಾಡುವ ನಮ್ಮ ಹುಡುಗಿಗೆ ಅದೇ ಕೊನೆಯ ಅವಕಾಶ. ಪಿಎಚ್‌ಡಿ ಮುಗಿದು ಐದು ವರ್ಷ ದಾಟಿದವರಿಗೆ ಆ ಹಣವಿಲ್ಲ. ಹಣವಿಲ್ಲದಿದ್ದರೆ ಅವಳಿಗೆ ಇಲ್ಲಿ ಕೆಲಸವೂ ಇಲ್ಲ. ಅರ್ಜಿಗೆ ಒಂದೇ ಒಂದು ಚಿತ್ರ ಬಾಕಿಯಿತ್ತು. ಅದನ್ನು ತೆಗೆಯಬೇಕಿದ್ದ ಗಾಜಿನ ಸ್ಲೈಡು ಎರಡು ಗಂಟೆಗೆ ಹುಡುಗಿಯ ಕೈಯಿಂದಲೇ ಜಾರಿ ನುಚ್ಚುನೂರಾಯಿತು. ಅಂಥ ಅಪರೂಪದ ಗೆಡ್ಡೆ ಇದ್ದದ್ದು ಒಂದೇ ಹಳೆಯ ಮೇಣದ ತುಂಡಿನಲ್ಲಿ, ಅದೂ ಎರಡೋ ಮೂರೋ ಪದರಕ್ಕಾಗುವಷ್ಟು.

ಮೇಣದಕ್ಕ ತುಂಡನ್ನು ಯಂತ್ರಕ್ಕೆ ಬಿಗಿದಳು. ಹುಡುಗಿ ಬಗ್ಗಿ ನೋಡಿ ಬೆಚ್ಚಿದಳು.

"ಅಕ್ಕಾ, ಓರೆ ಇದೆ! ನೇರ ಕೂರಿಸಿ."

"ಅವತ್ತು ಓರೆಯಾಗೇ ಕೊಯ್ದಿದ್ದು. ಈಗ ನೇರ ಮಾಡೋಕೆ ಹೋದ್ರೆ, ಮಟ್ಟ ಮಾಡೋದ್ರಲ್ಲೇ ಇರೋ ಚೂರೂ ಹೋಗುತ್ತೆ."

"ಎಷ್ಟು ಓರೆ ಅಂತ ಹೇಗೆ ಗೊತ್ತು?"

"ಗೊತ್ತು."

ತಿರುಪನ್ನು ಕಾಲು ಸುತ್ತು ತಿರುಗಿಸಿದಳು, ನೋಡಿದಳು, ಮತ್ತೆ ಹಿಂದಕ್ಕೆ ತಿರುಗಿಸಿದಳು. ಗಂಟೆ ಮೂರೂವರೆ. ನನಗೆ ತಡೆಯಲಾಗಲಿಲ್ಲ.

"ಏನಕ್ಕಾ, ಮುಹೂರ್ತ ನೋಡ್ತಿದ್ದೀಯಾ? ಬಣ್ಣ ಹಾಕೋಕೇ ಮುಕ್ಕಾಲು ಗಂಟೆ ಬೇಕು!"

"ಬಾಯಿ ಮುಚ್ಚು. ನಿನ್ನ ಉಸಿರಿಗೇ ಹಾರಿಹೋಗುತ್ತೆ."

ಮುಚ್ಚಿದೆ. ಯಂತ್ರದ ಚಕ್ರ ಒಂದು ಸುತ್ತು ಬಂತು: ಬರೀ ಮೇಣ. ಎರಡನೆಯದು ಅರ್ಧಕ್ಕೇ ಹರಿಯಿತು. ಹುಡುಗಿ ಉಗುರು ಇಳಿಯುವಂತೆ ನನ್ನ ರಟ್ಟೆ ಹಿಡಿದಿದ್ದಳು. ಮೂರನೆಯದು ಇಡಿಯಾಗಿ ಬಂತು. ಮೇಣದಕ್ಕ ಅದನ್ನು ಕುಂಚದ ತುದಿಯಲ್ಲಿ ಎತ್ತಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿಗೆ ಹತ್ತಿಸಿದಳು. ತುಂಡಿನಲ್ಲಿ ಇನ್ನು ಮೇಣ ಬಿಟ್ಟು ಏನೂ ಉಳಿದಿರಲಿಲ್ಲ.

ಬಣ್ಣ ಹಾಕಿ, ಚಿತ್ರ ತೆಗೆದದ್ದಾಯಿತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಅರ್ಜಿ ಕಳಿಸಿದೆ. ಹುಡುಗಿ ಕುರ್ಚಿಯಲ್ಲಿ ಕುಸಿದು ಅತ್ತಳು.

ಮೇಣದಕ್ಕ ಅಲಗು ಒರೆಸುತ್ತಿದ್ದಳು. ಹೋಗಿ ಕೇಳಿದೆ, "ಲೆಕ್ಕವಿಲ್ಲದಷ್ಟು ತುಂಡು ಕೊಯ್ದಿದ್ದೀಯ. ಇದರ ಓರೆ ಹೇಗೆ ನೆನಪಿತ್ತು ತಾಯಿ?"

"ನನ್ನ ಕೈ ನಡುಗಿದ್ದು ಅವತ್ತೊಂದೇ ದಿನ. ಅದು ನನ್ನ ತಂಗೀದು. ಬೇರೆಯವರು ಕೊಯ್ತೀವಿ ಅಂದ್ರು, ನಾನೇ ಬಿಡ್ಲಿಲ್ಲ. ಉಳಿದದ್ದು ಓದೋ ಮಕ್ಕಳಿಗೆ ಇರಲಿ ಅಂತ ಅವಳೇ ಸಹಿ ಹಾಕಿ ಹೋದ್ಳು."

ದನಿ ತಗ್ಗಿಸಿ ಕೇಳಿದೆ, "ಹುಡುಗಿಗೆ ಹೇಳ್ಲಾ?"

"ಬೇಡ. ಹಣ ಬರದೇ ಹೋದ್ರೆ, ಪಾಪ, ಅವಳ ತಲೆ ಮೇಲೆ ಈ ಭಾರ ಬೇರೆ ಯಾಕೆ?"

ಎರಡು ತಿಂಗಳಿಗೆ ಹಣ ಬಂತು, ಮೂರು ವರ್ಷಕ್ಕಾಗುವಷ್ಟು. ಅವತ್ತೇ ಹುಡುಗಿಗೆ ಹೇಳಿಬಿಟ್ಟೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವಳು ಸೀದಾ ಮೇಣದಕ್ಕನ ಕೋಣೆಗೆ ಹೋಗಿ, ಆ ಕೈಗಳನ್ನೇ ನೋಡುತ್ತ ನಿಂತಳು.

ಮೇಣದಕ್ಕ ಚಕ್ರದಿಂದ ಕೈ ತೆಗೆಯಲಿಲ್ಲ. "ಏನು ನೋಡ್ತಾ ನಿಂತೆ? ಹೋಗು, ಕೆಲಸ ಮಾಡು. ಆ ಸ್ಲೈಡ್ ಒಂದನ್ನ ಮಾತ್ರ ಬೀಳಿಸ್ಬೇಡ."