ಅತ್ತೆ ಕೊಡದ ಕಷಾಯ

ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಸೆರಗಿನೊಳಗೆ ಸಿಕ್ಕಿಸಿ, ಎಡಗೈ ಸೊಂಟಕ್ಕಿಟ್ಟು, ಕೆಳತುಟಿ ಮುಂದೆ ಮಾಡಿ ನಿಂತರೆಂದರೆ ನಮ್ಮತ್ತೆ ಜಗಳಕ್ಕೆ ತಯಾರಾಗಿದ್ದಾರೆಂದೇ ಅರ್ಥ. ಹದಿನಾಲ್ಕು ವರ್ಷ ನಾನು ಆ ತುಟಿಯನ್ನು ನೋಡಿಕೊಂಡೇ ಅಡುಗೆ ಮಾಡಿದೆ. ನನಗೆ ಅವರ ಮೇಲೆ ಪ್ರೀತಿ ಇರಲಿಲ್ಲ, ಅವರಿಗೂ ನನ್ನ ಮೇಲೆ ಇರಲಿಲ್ಲ. ಸತ್ತಿದ್ದಾರೆಂಬ ಕಾರಣಕ್ಕೆ ಈಗ ಸುಳ್ಳು ಹೇಳಲಾರೆ.

ವಾಡಿಯಲ್ಲಿ, ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಪಾಳಿ ಕೆಲಸದವರು ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಹೊಟ್ಟೆ ಉಬ್ಬರಿಸಿಕೊಂಡು ಅತ್ತೆಯ ಕಷಾಯಕ್ಕೆ ಬರುತ್ತಿದ್ದರು. ಅಜವಾನ, ಜೀರಿಗೆ, ಬಡೇಸೋಪು, ಒಣಶುಂಠಿ, ಇಷ್ಟೇ. ಆದರೆ ಕೊಡುವ ಮೊದಲು ಪೊಲೀಸರ ಹಾಗೆ ವಿಚಾರಣೆ.

"ಎಷ್ಟ ದಿನ ಆಯ್ತು? ಯಾವ ಗುಳಗಿ ನಡದಾವ? ಚೀಟಿ ತೊಗೊಂಡ್ ಬಾ ಹೋಗು."

ಬಿ.ಪಿ. ಇದ್ದವರು ಎದೆಯುರಿಗೆಂದು ಜ್ಯೇಷ್ಠಮಧು ಕೇಳಿದರೆ ಬೈದು ಕಳಿಸುವರು. ರಕ್ತ ತೆಳುವಾಗುವ ಗುಳಿಗೆ ನುಂಗುವವರಿಗೆ ಶುಂಠಿ ಇಲ್ಲ. ಯಾರಿಗಾದರೂ ಅರ್ಧ ಕಪ್ಪು, ಮೂರೇ ದಿನ. ನಾಲ್ಕನೆಯ ದಿನ ಬಂದವರಿಗೆ ಬಾಗಿಲಲ್ಲೇ, "ಇದು ನನ್ನ ಕೈಲಿ ಆಗೂದಲ್ಲ, ದವಾಖಾನಿಗಿ ನಡಿ." ನಾನು ಚೊಚ್ಚಲ ಬಸುರಿಯಾಗಿ ಹುಳಿತೇಗಿನಿಂದ ಒದ್ದಾಡುವಾಗಲೂ ಲೋಟ ಮುಟ್ಟಗೊಡಲಿಲ್ಲ. "ಡಾಕ್ಟರಮ್ಮಗ ಕೇಳಿ ಬಾ, ಆಮ್ಯಾಲ ನೋಡಮು" ಎಂದರು. ಊರಿಗೆಲ್ಲ ಕಾಸಿ ಕೊಡುವವರಿಗೆ ಸೊಸೆಯೊಬ್ಬಳು ಭಾರವಾದಳೇ ಎಂದು ನಾನು ಒಳಗೊಳಗೇ ಕುದ್ದೆ.

ಒಂದು ಅಮಾವಾಸ್ಯೆಗೆ ಚಿಂಚೋಳಿಯಿಂದ ಅಪ್ಪ ಬಂದರು. ಗಂಡ ಡ್ಯೂಟಿಯಲ್ಲಿದ್ದರು. ಹೋಳಿಗೆ, ಭಜಿ ಉಂಡು ಎದ್ದ ಅಪ್ಪ ಸ್ವಲ್ಪ ಹೊತ್ತಿಗೆ ಎದೆ ಒತ್ತಿಕೊಂಡು ಕೂತರು.

"ಅಕ್ಕಾ, ಗ್ಯಾಸ್ ಆಗ್ಯಾದ. ನಿಮ್ಮ ಅಜವಾನದ ಕಷಾಯ ಒಂದೀಟು ಕೊಡ್ರಿ."

ನಾನಾಗಲೇ ನೀರಿಟ್ಟಿದ್ದೆ. ಅತ್ತೆ ಅಪ್ಪನ ಮುಖವನ್ನೇ ನೋಡಿದರು.

"ಅಣ್ಣಾರ, ದವಡಿ ಯಾಕ ಹಿಡಕೊಂಡೀರಿ?"

ಅಪ್ಪನ ಹಣೆಗೆ ಕೈ ಹಚ್ಚಿ ನೋಡಿದವರು ನೇರ ಬಂದು ನನ್ನ ಮುಂದೆಯೇ ಒಲೆ ಆರಿಸಿದರು. "ಇವರಿಗಿ ಕಷಾಯ ಇಲ್ಲ. ಗ್ಯಾಸಿಗಿ ಹಿಂಗ ತಣ್ಣನ ಬೆವರು ಬರಂಗಿಲ್ಲ. ದವಾಖಾನಿಗಿ ನಡೀರಿ."

ಅಪ್ಪನ ಮುಖ ಸಣ್ಣದಾಯಿತು. ಮಗಳ ಮನೆಯಲ್ಲಿ ಒಂದು ಕಪ್ ಕಷಾಯಕ್ಕೂ ತಕರಾರು. ನನ್ನ ಮೈಯೆಲ್ಲ ಉರಿಯಿತು. ಅತ್ತೆ ಚಪ್ಪಲಿ ಮೆಟ್ಟಿ ಆಟೋ ತರಲು ಹೋದದ್ದೇ ತಡ, ಮತ್ತೆ ಒಲೆ ಹಚ್ಚಿದೆ. ಹಟಕ್ಕೆ ಬಿದ್ದು ಅಜವಾನ ಹಿಡಿ ತುಂಬ ಹಾಕಿ ಗಟ್ಟಿಯಾಗಿ ಕಾಸಿದೆ. ಅಪ್ಪ ಕುಡಿದು ಒಮ್ಮೆ ತೇಗಿದರು. "ಹಗುರಾತು ನೋಡವ್ವ" ಎಂದರು. ಆಟೋ ಬಂದಾಗ ಅಪ್ಪ ಏಳಲಿಲ್ಲ, ನಾನು ಏಳಿಸಲಿಲ್ಲ. ಅತ್ತೆ ಅಂಗಲಾಚಿದರು, ಆಮೇಲೆ ಬೈದರು. ನಾನೂ ಬಾಯಿಗೆ ಬಂದದ್ದು ಅಂದೆ. ಆಟೋದವನು ಕಾದು ಕಾದು ಹೊರಟುಹೋದ.

ಎರಡು ತಾಸಿನ ಮೇಲೆ ಅಪ್ಪ ಕೂತಲ್ಲೇ ವಾಲಿದರು. ಕಲಬುರಗಿ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಹಾರ್ಟ್ ಅಟ್ಯಾಕ್, ಬೇಗ ತಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದರು ಡಾಕ್ಟರು. ಮನೆಯಲ್ಲಿ ಏನು ಕೊಟ್ಟಿದ್ದಿರಿ ಎಂದು ಅವರು ಕೇಳಿದಾಗ ಕಷಾಯ ಎಂದಿದ್ದೆ. ಸುದ್ದಿ ತಿಳಿದು ಬಂದ ನನ್ನ ಇಬ್ಬರು ಅಣ್ಣಂದಿರು ವರಾಂಡದಲ್ಲಿ ಅದನ್ನೇ ಹಿಡಿದರು.

"ಎರಡು ತಾಸು ಮನ್ಯಾಗ ಇಟ್ಕೊಂಡು ಕಷಾಯ ಕುಡಿಸಿದವರು ಯಾರು?"

ನನ್ನ ಹಿಂದಿನಿಂದ ಅತ್ತೆ ಹೇಳಿದರು, "ನಾನೇ ಕುಡಿಸ್ದೆ. ಗ್ಯಾಸ್ ಅಂತ ತಿಳದೆ."

ದೊಡ್ಡಣ್ಣ ಜನರ ಮುಂದೆ ಅವರನ್ನು ಅನ್ನಬಾರದ ಮಾತೆಲ್ಲ ಅಂದ. ನಾನು ಗೋಡೆ ನೋಡುತ್ತ ನಿಂತಿದ್ದೆ.

ವಾಡಿಗೆ ಮರಳಿದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ. "ಯಾಕ ಹಂಗಂದ್ರಿ, ಅತ್ತಿ?"

"ನಿನಗ ತವರಮನಿ ಬೇಕು. ನಿಮ್ಮ ಅಣ್ಣಗೋಳು ನನಗೇನ್ ಆಗಬೇಕಾಗ್ಯಾದ?" ಎಂದು ಅತ್ತ ತಿರುಗಿದರು. "ಆ ಪಾತೇಲಿ ತಿಕ್ಕು. ತಳ ಹತ್ಯಾದ."

ಸುದ್ದಿ ಕ್ವಾರ್ಟರ್ಸಿಗೆಲ್ಲ ಹಬ್ಬಿತು. ಕಷಾಯಕ್ಕೆ ಬರುವವರು ನಿಂತರು. ಒಬ್ಬರಿಗೂ ಕೇಡು ಮಾಡದ ಆ ಕೈಯಿಂದ ಯಾರೂ ನೀರು ಸಹ ತೆಗೆದುಕೊಳ್ಳದಂತಾಯಿತು. ನನಗೆ ಬರಬೇಕಾಗಿದ್ದದ್ದು ಕೃತಜ್ಞತೆ, ಬಂದದ್ದು ಸಿಟ್ಟು. ಅತ್ತೆ ಉಪ್ಪು ಹೆಚ್ಚಾಯಿತೆಂದು ಬೈದರು, ಹಾಲು ಉಕ್ಕಿತೆಂದು ಬೈದರು, ಆ ದಿನದ ಮಾತೊಂದನ್ನು ಮಾತ್ರ ಅನ್ನಲಿಲ್ಲ. ಅಂದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ.

ಹೋದ ವರ್ಷ ಅತ್ತೆ ತೀರಿಕೊಂಡರು. ದೊಡ್ಡಣ್ಣನಿಗೆ ಫೋನ್ ಮಾಡಿದೆ.

"ಅಪ್ಪನ್ನ ಕೊಂದಾಕಿ ಮಣ್ಣಿಗಿ ನಾವು ಬರಂಗಿಲ್ಲ. ನಿನ್ನ ಮ್ಯಾಗ ಸಿಟ್ಟಿಲ್ಲ ತಂಗಿ, ನೀ ಬರ್ತಾ ಇರು."

ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚುತ್ತಿದ್ದರು. ಅವರನ್ನು ನೋಡುತ್ತಲೇ ನಾನು "ಆಯ್ತಣ್ಣಾ" ಎಂದು ಫೋನ್ ಇಟ್ಟೆ.

ಬಾಯಲ್ಲಿ ಹೇಳುವ ಧೈರ್ಯ ಈಗಲೂ ಇಲ್ಲ, ಬರೆದು ಹೇಳುತ್ತಿದ್ದೇನೆ. ಅಣ್ಣಾ, ಆ ಕಷಾಯ ಕುಡಿಸಿದವಳು ನಾನು. ಅತ್ತೆ ಒಲೆ ಆರಿಸಿದ್ದರು.