ಯಂತ್ರಮಾನವನ ನಡುವಿನ ಮಾನ

ಯಂತ್ರಮಾನವ ಎಂಬ ಶಬ್ದವನ್ನು ಬಿಡಿಸಿ ನೋಡಿ, ನಟ್ಟನಡುವೆ ‘ಮಾನ’ ಕೂತಿದೆ. ನನ್ನದು ಹೋದದ್ದು ಅಲ್ಲಿಂದಲೇ. ರೋಬೋ ಎಂದು ಚಿಕ್ಕದಾಗಿ ಹೇಳಿದ್ದರೆ ಚಿಕ್ಕದಾಗಿ ಹೋಗುತ್ತಿತ್ತೇನೋ. ಏನು ಮಾಡಲಿ, ಸೊರಬದವನು ನಾನು. ಇಂಗ್ಲಿಷಿನಲ್ಲಿ ಪಾಠ ಮಾಡಿ ಸಪ್ಪೆಯಾದ ಬಾಯಿಗೆ ದೊಡ್ಡ ಕನ್ನಡ ಶಬ್ದವೆಂದರೆ ರುಚಿ.

ತೊಂಬತ್ತರ ದಶಕದಲ್ಲಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರಾಗಿದ್ದೆ. ಕನ್ನಡದಲ್ಲಿ ಓದಿ ಬಂದ ನಮ್ಮ ಕಡೆಯ ಹುಡುಗರು ಮೊದಲ ವರ್ಷದಲ್ಲೇ ಹೆದರಿ, ಹಬ್ಬಕ್ಕೆಂದು ಊರಿಗೆ ಹೋದವರು ಅಲ್ಲೇ ಉಳಿದುಬಿಡುತ್ತಿದ್ದರು. ಕೈಗೆ ಕೆಲಸ ಕೊಟ್ಟರೆ ಕಾಲು ನಿಲ್ಲುತ್ತದೆ ಎಂಬುದು ನನ್ನ ಸಿದ್ಧಾಂತ. ಹಳೇ ಟೇಪ್‌ರೆಕಾರ್ಡರಿನ ಮೋಟಾರು, ಆಟಿಕೆಯ ಚಕ್ರ, ಬೆಳಕು ಗುರುತಿಸುವ ಎರಡು ಪುಟ್ಟ ಕಣ್ಣು ಸೇರಿಸಿ, ನೆಲದ ಬಿಳಿ ಗೆರೆ ಹಿಡಿದು ನಡೆಯುವ ಗಾಡಿಯನ್ನು ಅವರಿಂದಲೇ ಮಾಡಿಸಿದೆ. ಹಲವರು ನಿಂತರು. ಉಡುತಡಿಯ ಹಾಲೇಶ ಮಾತ್ರ ಪರೀಕ್ಷೆಯಲ್ಲಿ ಫೇಲಾದ ನಾಚಿಕೆಗೆ ಊರು ಸೇರಿದವನು ಬರಲಿಲ್ಲ.

ಅವನನ್ನು ಕರೆತರಲು ಗಾಡಿಯನ್ನು ಚೀಲಕ್ಕೆ ಹಾಕಿಕೊಂಡು ನಾನೇ ಹೊರಟೆ. ಯಂತ್ರಮಾನವನ ಜೊತೆ ಬರುತ್ತೇನೆಂದು ಮೊದಲೇ ಹೇಳಿಕಳಿಸಿದ್ದೆ. ಹೋಗಿ ನೋಡಿದರೆ ಅಂಗಳದ ತುಂಬ ಜನ. ಎರಡು ಕುರ್ಚಿ ಹಾಕಿದ್ದರು, ಒಂದು ನನಗೆ, ಒಂದು ಯಂತ್ರಮಾನವನಿಗೆ! ಚೀಲದಿಂದ ಸಾಬೂನು ಪೆಟ್ಟಿಗೆಯಷ್ಟಿದ್ದುದನ್ನು ತೆಗೆದೆ.

“ಯಂತ್ರ ಏನೋ ಕಾಣ್ತೈತ್ರೀ ಮೇಷ್ಟ್ರೇ, ಮಾನವ ಎಲ್ಲಿ ಅದಾನ?” ಎಂದರು ಹಾಲೇಶನ ತಂದೆ. ಪಾಪ, ಕುಹಕವಿರಲಿಲ್ಲ.

ಸಾರಿಸಿದ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಗಾಡಿ ಬಿಟ್ಟೆ. ಅದು ಸ್ವಲ್ಪ ದೂರ ನಡೆದು, ನನ್ನ ಗೆರೆ ಬಿಟ್ಟು, ಬಾಗಿಲ ಮುಂದಿನ ರಂಗೋಲಿಯ ಎಳೆ ಹಿಡಿಯಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ನಿಲ್ಲಿಸಹೋದರೆ ಸ್ವಿಚ್ಚೇ ಕೈಗೆ ಕಿತ್ತುಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಂಬದ ಮರೆಯಲ್ಲಿದ್ದ ಹಾಲೇಶ ಬಂದು ಗಾಡಿಯನ್ನೆತ್ತಿ ತಂತಿ ಬಿಡಿಸಿದ. ಆಮೇಲೆ ತಲೆ ತಗ್ಗಿಸಿ ಅವರ ಮನೆಯ ರೊಟ್ಟಿ ತಿಂದೆ.

ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿದಾಗ ಹಾಲೇಶ ಜೊತೆಗಿದ್ದ, ಚೀಲ ಅವನ ತೊಡೆಯ ಮೇಲಿತ್ತು. “ಯಂತ್ರ ನೋಡಿ ಆಸೆ ಆಯ್ತೇನೋ?” ಎಂದೆ.

“ಇಲ್ಲ ಸರ್. ಅಷ್ಟು ಮಂದಿ ಮುಂದೆ ಮರ್ಯಾದಿ ಹೋದ್ರೂ ನೀವು ಕುಂತು ಊಟ ಮಾಡಿದ್ರಲ್ಲ. ಹಂಗಾದ್ರೆ ಫೇಲಾದೋನು ಕಾಲೇಜಿಗೂ ಬರಬೋದು ಅನಿಸ್ತು.”

ಹಾಲೇಶ ಮರಳಿ ಬಂದದ್ದಕ್ಕೆ ಕಾಲೇಜಿನಲ್ಲಿ ಎಲ್ಲರೂ ಯಂತ್ರವನ್ನು ಹೊಗಳಿದರು. ನನಗೆ ಆ ಖಾಲಿ ಕುರ್ಚಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಮಾನವ ಎಲ್ಲಿ ಎಂದು ಕೇಳಿದ್ದರಲ್ಲ ಅವನಪ್ಪ, ಅದಕ್ಕೆ ಉತ್ತರ ಅವತ್ತು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿತ್ತು.