ಎರಡು ಅಂಗಡಿಗಳ ಕಾರ್ಪೆಟ್ಟು

ನನ್ನ ಹೆಂಡತಿ ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಬಾಗಲಕೋಟೆಯ ನವನಗರದಲ್ಲಿ ಕಾರ್ಪೆಟ್ಟು ನೋಡುತ್ತಿದ್ದೆವು. ಊರೂರಲ್ಲಿ ಶಾಖೆ ಇರುವ ದೊಡ್ಡ ಅಂಗಡಿ ಅದು. ಒಳಗೆ ತಂಪು, ಪ್ರತಿಯೊಂದಕ್ಕೂ ದರದ ಚೀಟಿ. ಇಳಕಲ್ಲಿನ ನಮ್ಮ ಓಣಿಯ ಹೆಣ್ಣುಮಕ್ಕಳು ಸೋಮವಾರ ಒಬ್ಬೊಬ್ಬರ ಮನೆಯಲ್ಲಿ ಕೂಡಿ ವಚನ ಹಾಡುತ್ತಾರೆ. ನಮ್ಮ ಮನೆಯ ಪಾಳಿ ಹತ್ತಿರ ಬಂದಿತ್ತು. ನಮ್ಮ ಹಾಲಿನ ನೆಲಕ್ಕೆ ಹಾಕಿದ್ದು ನಾನು ಕೆಲಸ ಮಾಡುವ ಕಾರ್ಖಾನೆಯ ಗ್ರಾನೈಟ್. ಚಳಿಗಾಲದಲ್ಲಿ ಅದರ ಮೇಲೆ ಕೂರಲಾಗುವುದಿಲ್ಲ. ಹಳೆಯ ಜಮಖಾನೆ ಹರಿದಿತ್ತು. ಹೊಸದನ್ನು ಹಾಸುತ್ತೇನೆ ಎಂದು ಅವಳು ಓಣಿಗೆಲ್ಲ ಹೇಳಿಬಿಟ್ಟಿದ್ದಳು.

ಕೆಂಪು ಅಂಚಿನದೊಂದನ್ನು ಮಗುಚಿ, ಹಿಂಬದಿಯ ನೇಯ್ಗೆ ನೋಡಿ, ಉಗುರಿನಿಂದ ಗೀರಿ, ಆಮೇಲೆ ಚೀಟಿ ಓದಿದಳು. ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

“ಒಂದ್ ರೂಪಾಯಿ ಯಾಕ ಬಿಟ್ಟಾರಂತ?”

“ನಾಕ್ ಸಾವಿರ ಅನ್ನಾಕ ನಾಚಿಕಿ ಬಂದಿರಬೇಕು,” ಎಂದೆ.

ಅವಳು ಅಲ್ಲಿ ನಿಂತಿದ್ದ ಕೆಲಸದ ಹುಡುಗಿಯನ್ನು ಕರೆದಳು. “ತಂಗಿ, ಖರೆ ರೇಟ್ ಹೇಳವಾ.”

“ಫಿಕ್ಸ್ ರೇಟ್ ರೀ ಅಕ್ಕಾರ.”

“ಮಾಲಕರು ಎಲ್ಲಿ ಅದಾರ?”

“ಮುಂಬೈದಾಗ ಇರ್ತಾರಂತ್ರಿ. ನಾನೂ ನೋಡಿಲ್ರಿ.”

“ಹಂಗಾರ ಫೋನ್ ಹಚ್ಚು, ನಾ ಮಾತಾಡತೇನಿ.”

ಹುಡುಗಿ ನಕ್ಕುಬಿಟ್ಟಳು. ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು. ಕಮತಗಿ ದಾಟುವವರೆಗೂ ಅದೇ ಮಾತು. ಅದೇ ಮಾಲು ನಮ್ಮೂರ ಬಜಾರದಲ್ಲಿದೆ, ನಾಳೆ ಬೋಣಿ ಹೊತ್ತಿಗೆ ಹೋಗಿ ಎರಡೂವರೆ ಸಾವಿರಕ್ಕೆ ತರುತ್ತೇನೆ ಎಂದಳು. ದಿನದ ಮೊದಲ ಗಿರಾಕಿಯನ್ನು ಅಂಗಡಿಯವರು ಸುಮ್ಮನೆ ಕಳಿಸುವುದಿಲ್ಲ ಎಂಬುದು ಅವಳ ಲೆಕ್ಕ. ಹುನಗುಂದದಲ್ಲಿ ಕಿಟಕಿಗೆ ಬಂದ ಶೇಂಗಾದವಳ ಜೊತೆಗೂ ಚೌಕಾಸಿ ಮಾಡಿದಳು.

ಬಜಾರದ ಆ ಅಂಗಡಿಯಲ್ಲಿ ನಮ್ಮದೊಂದು ಪದ್ಧತಿ ಇತ್ತು. ಅವಳು ಮೇಲೆ ಗಾದಿಯ ಮೇಲೆ ಕೂತು ದರ ಕೇಳುವುದು, ನಾನು ಕೆಳಗೆ ಗಾಡಿ ಹತ್ತಿರ ನಿಂತು ಬೇಸರ ಬಂದವನಂತೆ “ಸಾಕು ಬಾ, ಹೊತ್ತಾತು” ಎಂದು ಕೂಗುವುದು. ಆಗ ಅವಳು ಎದ್ದು ಮೆಟ್ಟಿಲಿಳಿಯುವಳು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅಂಗಡಿಯವರ ದನಿ ಬರುತ್ತಿತ್ತು: “ಬರ್ರಿ ಅಕ್ಕಾರ, ಒಯ್ರಿ. ನನಗ ಲುಕ್ಸಾನ ಮಾಡಾಕ ಅಂತನ ಬರ್ತೀರಿ ನೀವು.” ಗಾದಿ, ಪರದೆ, ಮಗಳ ಮದುವೆಯ ಚಾದರು, ಎಲ್ಲ ಹೀಗೆಯೇ ಮನೆಗೆ ಬಂದವು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು.

ಕೆಲವು ವಾರಗಳಾದ ಮೇಲೆ ಎದುರು ಮನೆಯವರು ಬಂದರು. “ಅಣ್ಣಾರ, ಈ ಪಾಳಿ ನಾವ ಇಟಗೋತೇವ್ರಿ. ನಿಮಗ ತ್ರಾಸ ಬ್ಯಾಡ.”

“ಇಲ್ಲೇ ಆಗಲಿ,” ಎಂದೆ. “ಆಕಿ ಹೇಳಿದ್ಲು.”

ಹೇಳಿಬಿಟ್ಟೆ, ಆದರೆ ಹಾಸಲು ಏನೂ ಇರಲಿಲ್ಲ. ಅವಳ ಮಾತು ಉಳಿಯಬೇಕಾದರೆ ಹೊಸದೇ ಬೇಕಿತ್ತು. ಬಾಗಲಕೋಟೆಗೆ ಹೋಗಿ ಚೀಟಿಯಲ್ಲಿದ್ದಷ್ಟು ಕೊಟ್ಟು ತಂದರೆ ಯಾರ ಜೊತೆಗೂ ಮಾತಾಡುವ ಪ್ರಸಂಗ ಬರುತ್ತಿರಲಿಲ್ಲ. ಆ ಯೋಚನೆ ಬಂದದ್ದು ಖರೆ. ಆದರೂ ಒಂದು ದಿನ ಬೋಣಿ ಹೊತ್ತಿಗೆ ಬಜಾರಿಗೇ ಹೋದೆ.

ಅಂಗಡಿಯವರು ಆಗ ತಾನೇ ಲೋಬಾನದ ಹೊಗೆ ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರು ಅವಳ ಮಣ್ಣಿಗೂ ಬಂದಿದ್ದರು. ಹೆಚ್ಚು ಮಾತಾಡದೆ ಅದೇ ಮಾಲು ಬಿಚ್ಚಿ ಹಾಸಿದರು. ಅಂಚು ಮಾತ್ರ ಹಸಿರು. ನಾನೂ ಮಗುಚಿದೆ. ಏನು ನೋಡಬೇಕೆಂದು ತಿಳಿಯಲಿಲ್ಲ.

“ಎಷ್ಟು?”

“ಎರಡು ಸಾವಿರದ ಎಂಟನೂರು ಕೊಡ್ರಿ ಸರ.”

“ಎರಡೂವರಿ,” ಎಂದೆ. ನಾನು ಎದ್ದು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಕೊನೆಯ ಮೆಟ್ಟಿಲಲ್ಲಿ ನಿಂತೆ. ಕರೆ ಬರಲಿಲ್ಲ. ಗಾಡಿಗೆ ಕೀಲಿ ಹಾಕಿದೆ, ಚಾಲು ಮಾಡಲಿಲ್ಲ. ತಿರುಗಿ ನೋಡಿದರೆ ಅವರು ಬಾಗಿಲಲ್ಲೇ ನಿಂತಿದ್ದರು.

“ಸರ, ನಿಮಗ ನಾ ಮದಲ ಕಡೀ ರೇಟ್ ಹೇಳಿಬಿಟ್ಟೇನ್ರಿ. ಅಕ್ಕಾರ ಬಂದಿದ್ರ ನಾಕೂವರಿ ಅಂತಿದ್ನಿ. ನಿಮಗ ಹಂಗ ಅನ್ನಾಕ ಬಾಯಿ ಬರಲಿಲ್ಲ.”

“ಆಕಿ ಎಷ್ಟಕ್ಕ ಒಯ್ತಿದ್ಲು?”

“ಎರಡೂವರಿಗೆ ಒಯ್ತಿದ್ರು, ಸುಳ್ಳ್ಯಾಕ ಹೇಳ್ಲಿ. ಹೆಂಗರ ಮಾಡಿ ಒಯ್ತಿದ್ರು.” ನಗಲು ಹೋಗಿ ನಿಲ್ಲಿಸಿದರು. “ನೀವೂ ಅಷ್ಟ ಕೊಡ್ರಿ.”

ನಾನು ಮತ್ತೆ ಮೆಟ್ಟಿಲು ಹತ್ತಿ ಎರಡು ಸಾವಿರದ ಎಂಟುನೂರೇ ಕೊಟ್ಟೆ. ನಾಲ್ಕೂವರೆಯಿಂದ ಎರಡೂವರೆಗೆ ಇಳಿಸುವುದು ಅವಳ ಕೆಲಸವಾಗಿತ್ತು. ಆ ಕೆಲಸ ಮಾಡದೆ ಆ ದರ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಬಾಗಲಕೋಟೆಗಿಂತ ಇದು ಸೋವಿಯೇ. ಆದರೆ ನನ್ನ ಪಾಲಿಗೆ ಈಗ ಬಜಾರದ ಅಂಗಡಿಯಲ್ಲೂ ಫಿಕ್ಸ್ ರೇಟ್.

ಸೋಮವಾರ ಹೆಣ್ಣುಮಕ್ಕಳು ಬಂದರು, ಕೂತರು, ಹಾಡಿದರು. ಮೆತ್ತಗೈತಿ ಎಂದರು. ನಮ್ಮ ಓಣಿಯಲ್ಲಿ ಹೊಸ ವಸ್ತು ಕಂಡರೆ ಮೊದಲು ಕೇಳುವುದೇ ದರ. ಅಂದು ಯಾರೂ ಕೇಳಲಿಲ್ಲ. ಚಹಾ ಕುಡಿದು ಹೋದರು. ಕಾರ್ಪೆಟ್ಟು ಹಾಲಿನಲ್ಲಿ ಹಾಸಿಯೇ ಇದೆ. ಮುನ್ನೂರು ರೂಪಾಯಿ ಹೆಚ್ಚು ಕೊಟ್ಟು ಬಂದಿರಿ ಎಂದು ಬೈಯುವವಳು ಮನೆಯಲ್ಲಿಲ್ಲ.